ಮೇವು ಮೂಸುತ್ತಿದ್ದ ಪುಟ್ಟಮಾದಪ್ಪ

ಹಸುವಿಗೆ ಹುಷಾರಿಲ್ಲವೆಂದು ಕರೆದರೆ ಪುಟ್ಟಮಾದಪ್ಪನವರು ಹಸುವಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನೆಟ್ಟಗೆ ಗೊಂತಿಗೆ ಹೋಗಿ, ಒಂದು ಹಿಡಿ ಮೇವು ತೆಗೆದು, ಕಣ್ಣು ಮುಚ್ಚಿ ಮೂಸುತ್ತಿದ್ದರು. ಮೂಸಿ ಮುಗಿದ ಮೇಲೆ ಬೈಗುಳ ಶುರು. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದವರು. ನಮ್ಮೂರು ಭೀಮನಬೀಡಿಗೆ ಮಾತ್ರ ಅವರು ಡಾಕ್ಟ್ರೇ.

ಒಮ್ಮೆ ಅವರನ್ನು ನನ್ನ ಬೈಕಿನಲ್ಲಿ ಹಂಗಳಕ್ಕೆ ಕರೆದೊಯ್ದಿದ್ದೆ. ಕಾಡಂಚಿನಲ್ಲಿ ಮೇಯ್ದು ಬಂದ ಹಸುವೊಂದರ ಕಣ್ಣು ಹಳದಿಯಾಗಿ, ಮೂತಿಯ ಚರ್ಮ ಸುಲಿಯುತ್ತಿತ್ತು. ಮನೆಯವರು ದೃಷ್ಟಿಯೆಂದು ಮೆಣಸಿನಕಾಯಿ ನಿವಾಳಿಸಿ ಸುಟ್ಟು, ಹಸುವನ್ನು ಬಿಸಿಲಲ್ಲೇ ಕಟ್ಟಿದ್ದರು.

"ಲಂಟಾನ ಸೊಪ್ಪು ತಿಂದದ ಕಣ್ರಲಾ! ಒಟ್ಟೇಲಿ ಇಸ ಇಟ್ಕಂಡು ಬಿಸ್ಲಲ್ಲಿ ನಿಂತ್ರ ಚರ್ಮ ಬೆಂದೋಯ್ತದ. ಮೊದ್ಲು ನೆಳ್ಳಿಗ ಕಟ್ರಿ. ಆ ಮೆಣಸಿನ್ಕಾಯ ಸಾರಿಗಾಕಳಿ!"

ಸಂಜೆಯವರೆಗೂ ಅಲ್ಲೇ ಕೂತು ಔಷಧಿ ಕುಡಿಸಿದರು. ಹಸು ಉಳಿಯಿತು. ಉಳಿಸಿದ್ದು ಮೆಣಸಿನಕಾಯಿಯೇ ಎಂದು ಆ ಮನೆಯವರು ಇವತ್ತಿಗೂ ಹೇಳುತ್ತಾರೆ. ಕೇಳಿದರೆ ನನ್ನ ಮೈ ಉರಿಯುತ್ತದೆ.

ಆದರೆ ನಮ್ಮ ಮನೆಯ ಕತೆ ಇನ್ನೂ ಹೊಲಸು. ಮಳೆಯಲ್ಲಿ ನೆನೆದ ಎರಡು ಮೂಟೆ ಮುಸುಕಿನ ಜೋಳಕ್ಕೆ ಹಸಿರು ಬೂಷ್ಟು ಹಿಡಿದಿತ್ತು. ಅವ್ವ ಅದನ್ನು ತೊಳೆದು, ಒಣಗಿಸಿ, ನುಚ್ಚು ಮಾಡಿಸಿ, ಗಬ್ಬದ ಹಸುವಿಗೆ ಇಡುತ್ತಿದ್ದಳು. ಊರಿಗೆ ಊರೇ ಮಾಡುವುದು ಹೀಗೆ. ಮನುಷ್ಯರ ಬಾಯಿಗೆ ಆಗದ್ದನ್ನು ತಿಪ್ಪೆಗೆ ಎಸೆದರೆ ಪಾಪವಂತೆ, ದನಕ್ಕೆ ಇಟ್ಟರೆ ಪುಣ್ಯವಂತೆ!

ಹಸು ಮೇವು ಬಿಟ್ಟಾಗ ಪುಟ್ಟಮಾದಪ್ಪನವರು ಬಂದು ನುಚ್ಚನ್ನು ಮೂಸಿದರು.

"ತೊಳುದ್ರ ಬೂಷ್ಟು ಓಯ್ತದ ಕಣಕ್ಕ, ಇಸ ಓದದಾ? ಎಲ್ಲಿ, ನೀನೊಂದ್ ಮುಕ್ಕು ತಿನ್ನು ನೋಡನ!"

ಹೊರಗಿದ್ದ ನುಚ್ಚನ್ನೆಲ್ಲ ತಾವೇ ತಿಪ್ಪೆಗೆ ಸುರಿದು, ಹಸುವಿಗೊಂದು ಸೂಜಿ ಹಾಕಿ ಹೋದರು. ಅವರು ಬೀದಿ ದಾಟುವುದೇ ತಡ, ಅವ್ವ ಒಳಗಿದ್ದ ಇನ್ನೊಂದು ಮೂಟೆ ಬಿಚ್ಚಿದಳು. ಕಲಗಚ್ಚಿಗೆ ಕಲಸಿ ಇಟ್ಟವನು ನಾನೇ. ಓದಿದವನಿಗೆ ಏನು ಬಂದಿತ್ತು ದೊಡ್ಡ ರೋಗ? ಹತ್ತು ದಿನಕ್ಕೆ ಹಸು ತಿಂಗಳು ತುಂಬದ ಕಂದು ಹಾಕಿತು. ಮಾರನೆಯ ದಿನ ತಾನೂ ಸತ್ತಿತು.

ಅವ್ವ ಹಾಲಿನ ಡೈರಿಯ ಮುಂದೆ ನಿಂತು, "ಆ ಮಾದಪ್ಪನ ಸೂಜಿನೇ ಕಣ್ರವ್ವಾ ನಮ್ಮಸ್ವ ಕೊಂದದ್ದು" ಎಂದಳು. ಪಕ್ಕದಲ್ಲೇ ಇದ್ದ ನಾನು ಬಾಯಿ ಬಿಡಲಿಲ್ಲ. ಅಷ್ಟು ಸಾಕಾಯಿತು. ನಲವತ್ತು ವರ್ಷ ಊರಿನ ದನಗಳ ಜೀವ ಕಾದ ಮನುಷ್ಯನನ್ನು ಆಮೇಲೆ ಒಬ್ಬರೂ ಕರೆಯಲಿಲ್ಲ.

ಕೊನೆಯ ಸಲ ಸಿಕ್ಕಿದ್ದು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ. ಮೈ ಇಳಿದು ಸೊರಗಿಹೋಗಿದ್ದರು. ನಾನು ಹತ್ತಿರ ಹೋಗಿ, "ತಪ್ಪು ನಮ್ದೇ ಡಾಕ್ಟ್ರೇ, ಮತ್ತದೇ ಜ್ವಾಳ ಇಟ್ಬುಟ್ಟೋ" ಎಂದೆ.

ಅವರ ಮುಖ ಕೆಂಪಾಯಿತು. "ನಂಗ್ಯಾಕ್ಲಾ ಏಳೀಯೆ? ನಂಗೊತ್ತಿಲ್ವಾ? ಓಗು, ಊರೋರ್ಗ ಏಳು. ಅವ್ರ ಮನೇಲೂ ಅದೇ ಜ್ವಾಳ ಅದ ಕಣ್ಲಾ!"

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಅವ್ವನ ಮಾನ ಹೋಗುತ್ತದೆ ಎಂದುಕೊಂಡೆ. ಅವರದ್ದು ಹೋದದ್ದು ಮಾನವಲ್ಲವೇನೋ ಎಂಬಂತೆ!

ಈ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಮಧ್ಯಾಹ್ನ ನೋಡುತ್ತೇನೆ, ಎದುರು ಮನೆಯ ನಂಜಪ್ಪ ಅಂಗಳದಲ್ಲಿ ತೊಳೆದ ಜೋಳ ಹರವುತ್ತಿದ್ದ. ಕಾಳಿನ ಮೇಲೆ ಇನ್ನೂ ಹಸಿರಿತ್ತು.

"ದನಕ್ಕ ತಾನೆ, ಏನಾದದು ಬುಡು" ಎಂದ.

ನಾನು ನಡುಬೀದಿಯಲ್ಲೇ ನಿಂತು ಕೂಗಿದೆ. "ನಮ್ಮಸ ಸತ್ತದ್ದು ಡಾಕ್ಟ್ರ ಸೂಜಿಗಲ್ಲ ಕಣಣ್ಣ. ಇಂಥದ್ದೇ ಜ್ವಾಳ ತಿಂದು ಸತ್ತದ್ದು. ಕಲ್ಸಿ ಇಟ್ಟವ್ನು ನಾನು!"

ನಂಜಪ್ಪನ ಕೈ ಜೋಳದ ಮೇಲೇ ನಿಂತಿತು. ನಮ್ಮ ಜಗುಲಿಯಲ್ಲಿ ಕೂತಿದ್ದ ಅವ್ವ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.