ವಿಮಲಾ ಮೇಡಂ ಮತ್ತು ಎರಡನೆಯ ಜೆಟ್

ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ವಿಮಲಾ ಮೇಡಂ ತೆಂಗಿನಕಾಯಿಯನ್ನು ಮೊದಲು ಬಲಗಿವಿಯ ಹತ್ತಿರ ಅಲ್ಲಾಡಿಸಿ ಕೇಳುತ್ತಿದ್ದರು, ಆಮೇಲೆ ಎಡಗಿವಿಯ ಹತ್ತಿರ. ಎರಡು ಕಿವಿಯೂ ಒಪ್ಪಿದ ಮೇಲೆ ಅದನ್ನು ನನ್ನ ಕೈಗೆ ಕೊಟ್ಟು, "ನೀನೂ ಕೇಳು. ನನ್ನ ಕಿವಿ ಏನು ಸಾಚಾನಾ?" ಎನ್ನುತ್ತಿದ್ದರು. ಅಂಗಡಿಯ ಕರೀಂ ಸಾಹೇಬರು ಹಣೆ ಚಚ್ಚಿಕೊಂಡು, "ಅಮ್ಮಾ, ಹೆಣ್ಣು ನೋಡೋಕೆ ಬಂದೋರೂ ಇಷ್ಟು ನೋಡಲ್ಲ" ಎಂದು ನಗುತ್ತಿದ್ದರು.

ತೊಂಬತ್ತರ ದಶಕದ ಕೊನೆ. ನಾನು ಕೆ.ಆರ್. ಪುರದಿಂದ ಬಸ್ಸಿನಲ್ಲಿ ಬಂದು ಅವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದೆ. ದೂರದ ಗ್ಯಾಲಕ್ಸಿಗಳ ನಟ್ಟನಡುವೆ ಕೂತ ಕಪ್ಪುಕುಳಿಗಳು ನಮ್ಮ ಕಸುಬು. ಕಪ್ಪುಕುಳಿ ಸುತ್ತಲಿನದನ್ನೆಲ್ಲ ನುಂಗುತ್ತದೆ. ಆದರೆ ಬಾಯಿಗೆ ಬೀಳುವ ಮೊದಲೇ ಒಂದಿಷ್ಟು ಎರಡು ದಿಕ್ಕಿಗೂ ಜೆಟ್ ಆಗಿ ಚಿಮ್ಮಿಹೋಗುತ್ತದೆ. ಅದರ ರೇಡಿಯೋ ಅಲೆಗಳನ್ನು ಹಿಡಿದು ನಾವು ಚಿತ್ರ ಮಾಡುತ್ತಿದ್ದೆವು. ನಮ್ಮ ಕಡೆ ಬರುವ ಜೆಟ್ ಹೊಳೆಯುತ್ತದೆ, ಆಚೆ ಹೋಗುವುದು ಮಂಕಾಗಿ ಎಷ್ಟೋ ಸಲ ಕಾಣುವುದೇ ಇಲ್ಲ.

ಮೇಡಂಗೆ ಆಕಾಶವೂ ಮಾರ್ಕೆಟ್ಟೇ. ಹೊಸದೇನಾದರೂ ಕಂಡರೆ ಮೊದಲು ರೇಡಿಯೋ ಅಲೆ ಕೆಡಿಸುವ ರಸ್ತೆಯ ಆಟೋಗಳ ಮೇಲೆ ಗುಮಾನಿ, ಆಮೇಲೆ ನಮ್ಮ ಕೇಬಲ್ಲಿನ ಮೇಲೆ, ಕೊನೆಗೆ ನಮ್ಮ ಮೇಲೆ. "ಚೆನ್ನಾಗಿ ಕಾಣ್ತಿದ್ಯಾ? ಹಂಗಾದ್ರೆ ಏನೋ ಎಡವಟ್ಟಾಗಿದೆ" ಎಂಬುದು ಅವರ ಮಂತ್ರ.

ಒಂದು ದಿನ ನನ್ನ ಚಿತ್ರದಲ್ಲಿ ಮಂಕಾದ ಎರಡನೆಯ ಜೆಟ್ ಕಂಡಿತು. ನನ್ನ ಇಡೀ ಪ್ರಬಂಧ ಅದರ ಮೇಲೆ ನಿಲ್ಲುವಂತಿತ್ತು. ಮೇಡಂ ಹಾಳೆಯನ್ನು ತಲೆಕೆಳಗು ಮಾಡಿ ನೋಡಿದರು.

"ಸುಳ್ಳು ಜೆಟ್ಟು ಕಣೇ. ಕಂಪ್ಯೂಟರಿಗೆ ಶುರುವಲ್ಲೇ ಎರಡೂ ಕಡೆ ಒಂದೇ ಥರ ಅಂತ ಹೇಳ್ಕೊಟ್ಟಿದ್ಯಾ. ಹೇಳ್ಕೊಟ್ಟಿದ್ದನ್ನೇ ಅದು ವಾಪಸ್ ಒಪ್ಪಿಸಿದೆ."

ನಮ್ಮ ಕೆಲಸದಲ್ಲಿ ಈ ತಪ್ಪು ಆಗುವಂಥದ್ದೇ. ಹಾಗೆ ಹೇಳಿಕೊಡದೆ ಮೊದಲಿಂದ ಮಾಡಿದೆ. ಜೆಟ್ ಅಲ್ಲೇ ಇತ್ತು. ಆದರೂ ಅವರು ಚಿತ್ರಕ್ಕೆ ಒಪ್ಪಿಗೆಯ ಸಹಿ ಹಾಕಲಿಲ್ಲ. ಆಗ ನನಗೂ ಅನುಮಾನ ಹುಟ್ಟಿತು. ಆ ಗ್ಯಾಲಕ್ಸಿಗೆ ಒಂದೇ ಜೆಟ್ ಎಂದು ಹಿಂದೆ ಬರೆದು ಹೆಸರು ಮಾಡಿದವರು ಇದೇ ಮೇಡಂ! ತಡೆಯಲಾರದೆ ಕೇಳಿಯೇಬಿಟ್ಟೆ: "ನಿಮ್ಮ ಪೇಪರ್ ತಪ್ಪಾಗತ್ತೆ ಅಂತ ತಾನೇ ಮೇಡಂ?"

ಅವರು ಸಿಟ್ಟಾಗಲಿಲ್ಲ. "ಇರ್ಬಹುದು. ಇಲ್ಲ ಅಂದ್ರೆ ನನಗೆ ಲಾಭ, ಇದೆ ಅಂದ್ರೆ ನಿನಗೆ. ಇಬ್ರೂ ಕಳ್ಳರೇ. ಕಳ್ಳರು ಪಂಚಾಯ್ತಿಗೆ ಕೂರಬಾರ್ದು."

ಗ್ಯಾಲಕ್ಸಿಯ ಹೆಸರು ಅಳಿಸಿ, ನನ್ನ ದತ್ತಾಂಶವನ್ನು ಪಕ್ಕದ ಕೋಣೆಯ ವಿದ್ಯಾರ್ಥಿ ನವೀದನಿಗೆ ಚಿತ್ರ ಮಾಡಲು ಕೊಟ್ಟರು. ಏನು ಹುಡುಕಬೇಕೆಂದು ಅವನಿಗೆ ಹೇಳಲಿಲ್ಲ. "ಅವನ ಹತ್ರ ನೀನೂ ಬಾಯಿ ಬಿಡ್ಬೇಡ" ಎಂದು ನನಗೆ ತಾಕೀತು. ನವೀದನೂ ನಾನೂ ಸಂಜೆ ಒಂದೇ ಬಸ್ಸಿನಲ್ಲಿ ಹೋಗುವವರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಲಸೂರು ದಾಟುವಷ್ಟರಲ್ಲಿ ನನ್ನ ನಾಲಗೆ ತುರಿಸುತ್ತಿತ್ತು. ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದೆ.

ಕೆಲವು ವಾರದ ಮೇಲೆ ನವೀದ್ ಹಾಳೆ ಹಿಡಿದು ಬಂದ. "ಮೇಡಂ, ಯಾವ ಗ್ಯಾಲಕ್ಸಿ ಇದು? ಎರಡೂ ಕಡೆ ಬಾಲ ಇದೆಯಲ್ಲ!"

ಮೇಡಂ ನನ್ನ ಮುಖವನ್ನೊಮ್ಮೆ ದಿಟ್ಟಿಸಿದರು. ಏನೋ ಕೇಳಲು ಬಾಯಿ ತೆರೆದವರು ಸುಮ್ಮನಾಗಿ, ನನ್ನ ಪೆನ್ನು ಇಸಿದುಕೊಂಡು ಸಹಿ ಹಾಕಿದರು. "ನನ್ನ ಪೇಪರ್ ಸತ್ತೋಯ್ತು. ನಡೀರಿ, ಕಾಫಿ ಕುಡಿಯೋಣ."

ಎಷ್ಟೋ ವರ್ಷಗಳ ನಂತರ, ಅವರು ಹಾಸಿಗೆ ಹಿಡಿದಾಗ, ಹಲಸೂರಿನ ಮನೆಗೆ ಹೋಗಿದ್ದೆ. ನಾನು ಒಯ್ದಿದ್ದ ಮೂಸಂಬಿಗಳನ್ನು ಒಂದೊಂದಾಗಿ ಮೂಸಿ ನೋಡಿದರು. ಆಮೇಲೆ ತಟ್ಟನೆ ಕೇಳಿದರು:

"ನಿಜ ಹೇಳೇ. ಆವತ್ತು ಬಸ್ಸಲ್ಲಿ ನವೀದಂಗೆ ಏನಾದ್ರೂ ಹೇಳಿದ್ಯಾ?"

"ಇಲ್ಲ ಮೇಡಂ, ಆಣೆ!" ನನಗೆ ಅಳು ಬಂತು. "ಇಷ್ಟು ವರ್ಷ ಅನುಮಾನ ಇಟ್ಕೊಂಡಿದ್ರಾ? ಆವತ್ತೇ ಕೇಳಬಹುದಿತ್ತಲ್ಲ."

"ಕೇಳಿದ್ರೆ ನೀನು ಇಲ್ಲ ಅಂತಿದ್ದೆ. ಆಮೇಲೆ ಅದನ್ನೂ ಚೆಕ್ ಮಾಡ್ಬೇಕಾಗ್ತಿತ್ತು. ಬೇಡ ಅನ್ನಿಸ್ತು." ಕಣ್ಣು ಮುಚ್ಚಿಕೊಂಡರು. "ಪರೀಕ್ಷೆ ಮಾಡದೆ ನಾನು ಒಪ್ಕೊಂಡಿದ್ದು ಅದೊಂದೇ ಕಣೇ. ನಿನ್ನನ್ನ."

ಅದೇ ತಿಂಗಳು ಹೋಗಿಬಿಟ್ಟರು. ಕರೀಂ ಸಾಹೇಬರಿಗೆ ಸುದ್ದಿ ಮುಟ್ಟಿಸಿದವಳು ನಾನೇ. ಅವರು ರಾಶಿಯಿಂದ ಒಂದು ಕಾಯಿ ಆರಿಸಿ ಕೊಟ್ಟರು. ಅಲ್ಲಾಡಿಸದೆ ಚೀಲಕ್ಕೆ ಹಾಕಿಕೊಂಡೆ.