ಟೀಚರಮ್ಮನ ಹಸಿರು ಕೂದಲು

ಈಜುಕೊಳದ ಮೇಸ್ತ್ರಿಗೆ ನೀರು ನೋಡಿಕೊಳ್ಳುವುದು ಕಸುಬು, ಹೊಗಳಿಸಿಕೊಳ್ಳುವುದು ಚಟ. "ಏನ್ ಮೇಸ್ತ್ರಿ, ನೀರು ಗಾಜಿನ ಹಾಗಿದೆಯಲ್ಲ!" ಎಂದು ಯಾರಾದರೂ ಅಂದುಬಿಟ್ಟರೆ ಸಾಕು, ಮನುಷ್ಯ ಉಬ್ಬಿಹೋಗುತ್ತಿದ್ದ. ಆ ಆಸೆಗೇ ಪಾಚಿ ಕೊಲ್ಲುವ ನೀಲಿ ಔಷಧಿಯನ್ನು ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಒಂದು ಕೈ ಹೆಚ್ಚೇ ಸುರಿಯುತ್ತಿದ್ದ. ಅದರಲ್ಲಿರುವುದು ತಾಮ್ರ. ಸುರಿದಷ್ಟೂ ನೀರಿನಲ್ಲಿ ಕರಗಿ ಉಳಿಯುತ್ತದೆ, ಬಿಸಿಲಿಗೆ ಆರಿಹೋಗುವುದಿಲ್ಲ, ಯಾರ ಕಣ್ಣಿಗೂ ಕಾಣುವುದಿಲ್ಲ.

ಕೊನೆಗೆ ಕಂಡದ್ದು ಟೀಚರಮ್ಮನ ತಲೆಯಲ್ಲಿ. ನಿವೃತ್ತರಾದ ಮೇಲೆ ಮಂಡಿನೋವಿಗೆಂದು ದಿನಾ ಬೆಳಿಗ್ಗೆ ಈಜಲು ಬರುತ್ತಿದ್ದರು. ಉಳಿದವರ ಕಪ್ಪು ಕೂದಲಿಗೆ ಏನೂ ಗೊತ್ತಾಗಲಿಲ್ಲ. ಇವರ ಹತ್ತಿಯಂಥ ಬಿಳಿಗೂದಲು ಹಸಿರಿಗೆ ತಿರುಗಿತು.

"ಟೀಚರಮ್ಮಾ, ತಲೇಲಿ ಪಾಚಿ ಕಟ್ಟಿದೆ!" ಎಂದು ಯಾರೋ ಕೂಗಿದರು. ಕೊಳಕ್ಕೆ ಕೊಳವೇ ನಕ್ಕಿತು. ಮೇಸ್ತ್ರಿಯೂ ನಕ್ಕ. ನಗುತ್ತಿರುವಾಗಲೇ ಅವನಿಗೆ ಆ ನೀಲಿ ಔಷಧಿಯ ಡಬ್ಬಿ ನೆನಪಾಯಿತು.

"ಎಲ್ಲಾ ನನ್ನ ಸೊಸೆ ಘನಕಾರ್ಯ," ಎಂದು ಟೀಚರಮ್ಮ ಸಿಡುಕಿದರು. "ಅದೇನೋ ಸೊಪ್ಪು ಕುದಿಸಿ ಎಣ್ಣೆ ಮಾಡಿ ಹಚ್ಚಿದಾಳೆ. ಬೇಕಂತಲೇ ಮಾಡಿರೋದು!"

ಆಗಲೇ ಬಾಯಿ ಬಿಡಬೇಕಿತ್ತು ಈ ಪುಣ್ಯಾತ್ಮ. ಬಿಡಲಿಲ್ಲ. ಎಲ್ಲರೂ ಹೋದ ಮೇಲೆ ನೀರಿನಲ್ಲಿ ಪರೀಕ್ಷೆಯ ಪಟ್ಟಿ ಅದ್ದಿ ನೋಡಿದ. ತಾಮ್ರದ ಗುರುತು ಮಿತಿ ಮೀರಿ ಕಪ್ಪಿಟ್ಟಿತ್ತು. ಅರ್ಧ ಕೊಳ ಖಾಲಿ ಮಾಡಿ ಹೊಸ ನೀರು ಬಿಟ್ಟ, ಲೋಹವನ್ನು ಹಿಡಿದಿಡುವ ದ್ರಾವಣ ಹಾಕಿದ, ಯಾರಿಗೂ ಉಸಿರು ಬಿಡಲಿಲ್ಲ. ನೀರು ಸರಿಹೋಯಿತು. ಟೀಚರಮ್ಮ ಮಾತ್ರ ಬರುವುದನ್ನೇ ನಿಲ್ಲಿಸಿದರು. ಅವರು ಬಟ್ಟೆ ನೇತುಹಾಕುತ್ತಿದ್ದ ಖಾಲಿ ಗೂಟ ಕಂಡಾಗಲೆಲ್ಲ ಮೇಸ್ತ್ರಿ ಮುಖ ತಿರುಗಿಸಿಕೊಳ್ಳುತ್ತಿದ್ದ. ಆದರೂ ಹೇಳಲಿಲ್ಲ, ಹೇಡಿ!

ಒಂದು ಮಧ್ಯಾಹ್ನ ಸೊಸೆಯೇ ಪಂಪ್ ರೂಮಿನ ಬಾಗಿಲಿಗೆ ಬಂದು ನಿಂತಳು.

"ಅಣ್ಣಾ, ನಮ್ಮತ್ತೆ ತಲೆಗೆ ಬಟ್ಟೆ ಸುತ್ಕೊಂಡು ಮನೇಲೇ ಕೂತಿದಾರೆ. ಮಂಡಿ ಹಿಡ್ಕೊಂಡು ಬಿಟ್ಟಿದೆ. ನನ್ನ ಹತ್ರ ಮಾತೂ ಇಲ್ಲ. ನನ್ನ ಎಣ್ಣೆಯಿಂದ ನಿಮ್ಮ ನೀರೂ ಕೆಟ್ಟಿರಬೇಕು. ತಪ್ಪಾಯ್ತು. ಅವರನ್ನ ಮತ್ತೆ ಬರಕ್ಕೆ ಒಪ್ಪಿಸ್ತೀರಾ?"

ತಪ್ಪಾಯ್ತಂತೆ! ಅದೂ ಇವನ ಹತ್ತಿರ! ಮೇಸ್ತ್ರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಎಣ್ಣೆ ಅಲ್ಲ ತಾಯಿ," ಎಂದ. "ತಾಮ್ರದ ಔಷಧಿ. ಜಾಸ್ತಿ ಸುರಿದೋನು ನಾನು. ಅವತ್ತೇ ಗೊತ್ತಿತ್ತು ನಂಗೆ."

ಅವಳು ಬೈಯಲಿಲ್ಲ. "ಇದನ್ನ ಅತ್ತೆ ಮುಂದೆ ಹೇಳ್ತೀರಾ?" ಎಂದಷ್ಟೇ ಕೇಳಿದಳು. ಕೊಳದ ಗೇಟಿಗೆ ಬೀಗ ಹಾಕಿ ಅವಳ ಹಿಂದೆಯೇ ನಡೆದ.

ಟೀಚರಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಮೇಸ್ತ್ರಿ ನಿಂತಲ್ಲೇ ಎಲ್ಲವನ್ನೂ ಒಪ್ಪಿಸಿದ. ಉಗಿಯುತ್ತಾರೆ, ಉಗಿಯಲಿ ಎಂದು ತಲೆ ತಗ್ಗಿಸಿದ. ಅವರು ಅವನ ಕಡೆ ನೋಡಲೇ ಇಲ್ಲ. ಸೊಸೆಯನ್ನೇ ದಿಟ್ಟಿಸಿದರು.

"ಅಷ್ಟೆಲ್ಲಾ ಅಂದೆನಲ್ಲೇ ನಿನ್ನ. ನಾನಲ್ಲ ಅಂತ ಒಂದು ಮಾತು ಯಾಕೆ ಹೇಳಲಿಲ್ಲ?"

"ನಾನೇ ಇರಬೇಕು ಅಂದ್ಕೊಂಡಿದ್ದೆ ಅತ್ತೆ," ಎಂದಳು ಅವಳು.