ಬರಿ ನೀರು ನೀಲಿಯಾದ ದಿನ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಸಿಂಕಿನ ಮುಂದೆ ನಿಂತ ಹೆಂಗಸು ಫ್ಲಾಸ್ಕೊಂದನ್ನು ತೊಳೆದು ಬೋರಲು ಹಿಡಿದು, ಕಿಟಕಿಯ ಕಡೆ ಎತ್ತಿ ನೋಡುತ್ತಾರೆ. ಗಾಜಿನ ಮೇಲೆ ಹನಿ ನಿಂತರೆ ಇನ್ನೂ ಜಿಡ್ಡಿದೆ ಎಂದರ್ಥ. ನೀರು ತೆಳ್ಳಗೆ ಹಾಸಿಕೊಂಡು ಇಳಿಯಬೇಕು. "ಇದು ಫೇಲು," ಎಂದು ನಗುತ್ತ ಮತ್ತೆ ಬ್ರಷ್ ಹಾಕುತ್ತಾರೆ.

ವಿದ್ಯಾರ್ಥಿಗಳಿಗೆ ಇವರು ಗಾಜಕ್ಕ. ಮೂಟೆ ಹೊರುತ್ತಿದ್ದ ಗಂಡ ಬೆನ್ನುನೋವಿನಿಂದ ಮನೆ ಹಿಡಿದಾಗ, ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಇವರನ್ನು ನಾದಿನಿ ಇಲ್ಲಿಗೆ ಸೇರಿಸಿದರು. ದಿನಕ್ಕೆ ಇನ್ನೂರರ ಮೇಲೆ ಗಾಜಿನ ಸಾಮಾನುಗಳು ಇವರ ಕೈ ದಾಟುತ್ತವೆ. "ಹೋಟ್ಲಲ್ಲಿ ಒಡೆದ್ರೆ ಬರೀ ಬೈಗುಳ. ಇಲ್ಲಿ ಮೊದ್ಲು ಕೈ ನೋಡ್ತಾರೆ, ಆಮೇಲೆ ಬೈತಾರೆ!"

ಕಳೆದ ತಿಂಗಳು ಮಾತ್ರ ಬೈಗುಳಕ್ಕಿಂತ ದೊಡ್ಡದೇ ತಲೆಗೆ ಬಂತೆಂದುಕೊಂಡಿದ್ದರು. ಈ ಕಾಲೇಜಿನ ತಂಡವೂ ಪಕ್ಕದ ಊರಿನ ಕಾಲೇಜಿನ ತಂಡವೂ ಸೇರಿ, ಊರಿಗೆ ಕುಡಿಯುವ ನೀರು ಕೊಡುವ ಕೆರೆಯನ್ನು ಪರೀಕ್ಷಿಸುತ್ತಿದ್ದವು. ಒಂದೇ ಕ್ಯಾನಿನ ನೀರು, ಎರಡು ಲ್ಯಾಬು. ಸೋಪು, ಗೊಬ್ಬರಗಳಿಂದ ನೀರಿಗೆ ಸೇರುವ ಫಾಸ್ಫೇಟ್ ಹೆಚ್ಚಿದಷ್ಟೂ ಪರೀಕ್ಷೆಯ ನೀಲಿ ಗಾಢವಾಗುತ್ತದೆ. ಅಲ್ಲಿ ತೆಳು ನೀಲಿ ಬಂದರೆ ಇಲ್ಲಿ ಕಡುನೀಲಿ. ಎರಡು ತಂಡಗಳೂ ಹಾವು ಮುಂಗುಸಿಯಾದವು. "ಕೆರೆ ಕೆಟ್ಟಿದೆ ಅಂತ ನಾಳೆನೇ ಊರಿಗೆ ಹೇಳೋಣ," ಎಂದರು ಇಲ್ಲಿಯವರು.

ಆಗ ಇಲ್ಲಿಗೆ ಬಂದಿದ್ದ ಪಕ್ಕದ ಊರಿನ ತಂಡದ ಹುಡುಗಿಯೊಬ್ಬಳು, "ಒಂದ್ಸಲ ಬರಿ ಬಟ್ಟಿ ಇಳಿಸಿದ ನೀರು ಹಾಕಿ ನೋಡೋಣ್ವಾ?" ಎಂದಳು. ಹಾಕಿದರು. ಏನೂ ಇಲ್ಲದ ಆ ನೀರೂ ನೀಲಿಗಟ್ಟಿತು!

ಎಲ್ಲರ ಕಣ್ಣೂ ಫ್ಲಾಸ್ಕಿನ ಮೇಲೆ. ಸಿಂಕಿನ ಬಳಿ ಗಾಜಕ್ಕ ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟರು. "ತೊಳೆದವಳು ನಾನೇ ತಾನೆ? ಸುಮ್ನಿದ್ರೆ ಆಗ್ತಿತ್ತು. ಆದ್ರೆ ಆ ನೀಲಿ ಎಲ್ಲಿಂದ ಬಂತು ಅಂತ ನಂಗೂ ತಡೀಲಾರದಷ್ಟು ಆಸೆ." ಆ ವಾರವಷ್ಟೇ ಬಂದಿದ್ದ ಹೊಸ ಸೋಪಿನ ಪುಡಿಯ ಡಬ್ಬಿಯನ್ನು ತಂದು, ಪರೀಕ್ಷೆ ಮಾಡಿಸುತ್ತಿದ್ದ ಅಧ್ಯಾಪಕಿಯ ಮುಂದೆ ಮೇಜಿನ ಮೇಲಿಟ್ಟರು. "ಮೇಡಂ, ಇದನ್ನೂ ಒಂಚೂರು ನೋಡಿ."

ಚಿಟಿಕೆ ಪುಡಿಗೇ ಶಾಯಿಯಂಥ ನೀಲಿ. ಮೇಡಂ ಬೈಯಲಿಲ್ಲ, "ಪುಡಿ ತರಿಸಿದ್ದು ನಾನೇ ಕಣಮ್ಮ," ಎಂದು ನಕ್ಕುಬಿಟ್ಟರು. ಗಾಜಕ್ಕ ಅಷ್ಟೂ ಗಾಜಿನ ಸಾಮಾನನ್ನು ಸೋಪಿಲ್ಲದೆ, ಆಸಿಡ್ಡಿನಲ್ಲಿ ನೆನೆಸಿ ಮತ್ತೆ ತೊಳೆದರು. ಮರುದಿನ ಎರಡು ಲ್ಯಾಬುಗಳ ಬಣ್ಣವೂ ಒಂದೇ. ಕೆರೆಯ ನೀರು ಹೆಚ್ಚುಕಡಿಮೆ ತಿಳಿ. ಒಂದು ಚರಂಡಿ ಬಂದು ಸೇರುವ ಮೂಲೆಯಿಂದ ತಂದ ನೀರಿಗೆ ಮಾತ್ರ ಎರಡೂ ಲ್ಯಾಬಿನಲ್ಲಿ ಗಾಢ ನೀಲಿ. ಆ ಮಾತನ್ನು ಈಗ ಯಾರೂ ತಳ್ಳಿಹಾಕುವಂತಿರಲಿಲ್ಲ. ಚರಂಡಿಯನ್ನು ಬೇರೆ ಕಡೆ ತಿರುಗಿಸುವ ಕೆಲಸ ಶುರುವಾಗಿದೆ.

ಗಾಜಕ್ಕ ಈಗ ಬಣ್ಣ ಬರುವ ಹೊತ್ತಿಗೆ ಕೈ ಒರೆಸಿಕೊಂಡು ಮೇಜಿನ ಬಳಿ ಹೋಗುತ್ತಾರೆ. ಹುಡುಗರು ಜಾಗ ಬಿಡುತ್ತಾರೆ.

ಇನ್ನೇನಾದರೂ ಆಸೆ ಇದೆಯೇ ಎಂದರೆ ಸೆರಗು ಸರಿಮಾಡಿಕೊಳ್ಳುತ್ತಾರೆ. "ನಮ್ಮ ಬೀದಿ ಬಾವಿ ನೀರು ಒಂದ್ಸಲ ನೋಡ್ಬೇಕು. ಬಣ್ಣ ಬರೋ ಔಷಧಿ ನಾನೇ ಹಾಕ್ತೀನಿ. ಮೇಡಂ ಬೇಕಾದ್ರೆ ಪಕ್ಕದಲ್ಲಿ ನಿಂತ್ಕೊಳ್ಲಿ."